ಚಿಕ್ಕವೆಂಕಟಪ್ಪ ಹೇಳಿದ ಇನ್ನೂರಡಿ

ಚಿಕ್ಕವೆಂಕಟಪ್ಪನನ್ನು ನಿಲ್ಲಿಸಿ "ಬೇತಮಂಗಲ ಎಷ್ಟು ದೂರ?" ಎಂದು ಕೇಳಿದವರು ಕೆಟ್ಟರೆಂದೇ ಲೆಕ್ಕ. "ಎಲ್ಲಿಂದ? ಬಸ್ ಸ್ಟ್ಯಾಂಡಿಂದ್ಲಾ, ಗೇಟಿಂದ್ಲಾ?" ಎಂದು ಶುರುಮಾಡುತ್ತಿದ್ದ. ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಅಳತೆಯ ಟೇಪು ಹಿಡಿದವನು ಅವನು. ನಾನು ಅದೇ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಸುಮಾರು, ಅಂದಾಜು ಎಂಬ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಮದುವೆ ಮನೆಗೆ ಹೋದರೂ ಊಟದ ಪಂಕ್ತಿ ಎಷ್ಟಡಿ ಎಂದು ನೋಡುತ್ತಾನೆ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಆ ಹಟ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ತೊಂಬತ್ತೇಳರ ನವೆಂಬರಿನಲ್ಲಿ, ಅವನು ವಿಮಾನದಲ್ಲಿ ಬಂದ ಮಾರನೇ ದಿನ. ತಿಳಿದ ಮೇಲೆ ಆಡಿಕೊಂಡದ್ದಕ್ಕೆ ನಾಚಿಕೆಯಾಯಿತು.

ಹೆಂಡತಿ ಮುತ್ಯಾಲಮ್ಮನ ಎಡಗಣ್ಣಿನ ಆಪರೇಷನ್ನಿಗೆ ಅವನು ಮದ್ರಾಸಿಗೆ ಹೋಗಿದ್ದ. ಅಲ್ಲಿ ರಿಪೇರಿಗೆ ಕೊಟ್ಟಿದ್ದ ಆಫೀಸಿನ ಜಿ.ಪಿ.ಎಸ್. ಯಂತ್ರವನ್ನೂ ತರಬೇಕಿತ್ತು. ಅಂಗೈಯಗಲದ ಕಪ್ಪು ಡಬ್ಬಿ ಅದು. ಉಪಗ್ರಹಗಳ ಸಂಕೇತ ಹಿಡಿದು ನಾವಿರುವ ಜಾಗವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಅಷ್ಟರಲ್ಲಿ ಮಳೆಗೆ ರೈಲು ಹಳಿ ಕೊಚ್ಚಿಹೋಯಿತು. ಸೋಮವಾರಕ್ಕೆ ಯಂತ್ರ ಬೇಕೇ ಬೇಕು ಎಂದು ಸಾಹೇಬರು ಇಬ್ಬರಿಗೂ ಬೆಂಗಳೂರಿಗೆ ವಿಮಾನದ ಟಿಕೆಟ್ ಮಾಡಿಸಿದರು.

ಮದ್ರಾಸಿನಲ್ಲಿ ತಪಾಸಣೆಯವರು ಯಂತ್ರದ ನಾಲ್ಕು ಸೆಲ್ಲುಗಳನ್ನು ತೆಗೆದು, ಕವರಿಗೆ ಹಾಕಿ, ಗಗನಸಖಿಯ ಕೈಗೆ ಕೊಟ್ಟುಬಿಟ್ಟರು. ಚಿಕ್ಕವೆಂಕಟಪ್ಪ ಬೆವತುಹೋದ. ಹತ್ತು ಸಾವಿರ ಅಡಿ ಕೆಳಗೆ ದುಡಿದವನಿಗೆ ಮೇಲೆ ಹಾರುವ ಭಯವೇನೂ ಇರಲಿಲ್ಲ. ಎಲ್ಲಿದ್ದೇನೆ ಎಂದು ಗೊತ್ತಿಲ್ಲದೆ ಕೂರುವುದು ಮಾತ್ರ ಅವನ ಕೈಲಾಗದು. ಸಾಹೇಬರ ಪತ್ರ ತೋರಿಸಿ ಗಗನಸಖಿಯನ್ನು ಗೋಗರೆದ. ಆಕೆ ಪೈಲಟ್ಟನ್ನು ಕೇಳಿ ಬಂದು ಸೆಲ್ಲುಗಳನ್ನು ಕೊಟ್ಟಳು. "ಇಳಿಯುವ ಪ್ರಕಟಣೆ ಬಂದ ಕೂಡಲೇ ಆರಿಸಬೇಕು," ಎಂದಳು.

ಕಿಟಕಿಯ ಗಾಜಿಗೆ ಯಂತ್ರ ಒತ್ತಿಹಿಡಿದು ಕೂತ. ಐದಾರು ನಿಮಿಷ ಏನೂ ಇಲ್ಲ. ಆಮೇಲೆ ಅಂಕಿಗಳು ಬಂದವು. ಪಶ್ಚಿಮಕ್ಕೆ ಹೋದ ಹಾಗೆಲ್ಲ ರೇಖಾಂಶ ಕಡಿಮೆಯಾಗಬೇಕು. ನಮ್ಮ ಗಣಿಯ ಊರು ಊರಿಗಾಂ ಇರುವುದು ಎಪ್ಪತ್ತೆಂಟು ಡಿಗ್ರಿ ಹದಿನಾರು ನಿಮಿಷದಲ್ಲಿ; ಅವನಿಗೆ ಅದು ಬಾಯಿಪಾಠ. ಅದೂ ದಾಟಿ ಎಪ್ಪತ್ತೇಳು ಡಿಗ್ರಿ ಐವತ್ತು ನಿಮಿಷಕ್ಕೆ ಬಂತು. ಬೆಂಗಳೂರು ಇನ್ನೇನು ಹತ್ತಿರ. ಆಮೇಲೆ ಐವತ್ತೊಂದು ಎಂದು ತೋರಿಸಿತು. ಐವತ್ತೈದು. ವಿಮಾನ ಬಂದ ದಾರಿಗೇ ತಿರುಗಿತ್ತು.

ಊರಿಗಾಂ ಮೇಲಕ್ಕೆ ಬಂದು ಅದು ಸುತ್ತು ಹಾಕತೊಡಗಿತು. ಒಂದು, ಎರಡು, ಮೂರು. ಪ್ರಕಟಣೆಯೇ ಇಲ್ಲ. ಮುಂದಿನ ಸೀಟಿನವನು ಪೇಪರು ಓದುತ್ತಿದ್ದ, ಪಕ್ಕದ ಸಾಲಿನಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಗಗನಸಖಿ ಹತ್ತಿರ ಬಂದಾಗ ಇವನು ಅಂಕಿಗಳನ್ನು ತೋರಿಸಿ, ಯಾಕೆ ಸುತ್ತುತ್ತಿದ್ದೇವೆ ಎಂದು ಕೇಳಿದ. ಅವಳು ಇವನ ಕಿವಿಯ ಹತ್ತಿರ ಬಾಗಿದಳು.

"ಚಕ್ರ ಕೆಳಗೆ ಬರ್ತಿಲ್ಲ. ನೋಡ್ತಾ ಇದ್ದಾರೆ," ಎಂದು ಪಿಸುಗುಟ್ಟಿದಳು. "ದಯವಿಟ್ಟು ಯಾರಿಗೂ ಹೇಳಬೇಡಿ."

ಅವಳು ಅತ್ತ ಹೋದ ಕೂಡಲೇ ಮುತ್ಯಾಲಮ್ಮ ಪಟ್ಟಿ ಕಟ್ಟಿದ ಮುಖವನ್ನು ಇವನ ಕಡೆ ತಿರುಗಿಸಿದಳು. "ಏನಂದ್ಲು ಆ ಹುಡ್ಗಿ? ಎಲ್ಲಿದ್ದೀವಿ ಯೋಳಿ."

ಬಂದೇಬಿಡ್ತು ಕಣೆ ಎನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಯಾರಾದರೂ ಅಷ್ಟನ್ನೇ ಹೇಳುತ್ತಿದ್ದರು, ನಾನಂತೂ ಹೇಳುತ್ತಿದ್ದೆ. ಅವನಿಂದ ಆಗಲಿಲ್ಲ.

"ನಮ್ಮೂರ ಮೇಲೇ ಸುತ್ತಾ ಇದ್ದೀವಿ. ಚಕ್ರ ಬತ್ತಾ ಇಲ್ವಂತೆ," ಎಂದ. ಆಮೇಲೆ: "ದೂರದ ವಿಷ್ಯದಾಗೆ ಒಂದ್ಸಲ ಸುಳ್ಳು ಯೋಳಿದ್ದೆ ಕಣೆ. ಕುಪ್ಪುಸ್ವಾಮಿ ಓಗ್ಬಿಟ್ಟ."

ಕುಪ್ಪುಸ್ವಾಮಿ ಇವನ ಜೊತೆಗಾರ. ಎಪ್ಪತ್ತಮೂರರಲ್ಲಿ ಬಂಡೆ ಸಿಡಿದು ಸುರಂಗದ ದಾರಿ ಮುಚ್ಚಿದಾಗ ಐದು ಜನ ಒಳಗೆ ಸಿಕ್ಕಿಬಿದ್ದರು. ದೀಪಗಳು ಆರಿದವು. ಮೇಲೇರುವ ಬಾವಿಗೆ, ಅಂದರೆ ಶಾಫ್ಟಿಗೆ, ಹೋಗುವ ಹಳೇ ಸುರಂಗವೊಂದು ಮಾತ್ರ ತೆರೆದಿತ್ತು. ಎಷ್ಟು ದೂರ ಎಂದು ಕುಪ್ಪುಸ್ವಾಮಿ ಕೇಳಿದ. ಸಾವಿರದ ನೂರಾ ನಲವತ್ತಡಿ ಎಂದು ಇವನಿಗೆ ಗೊತ್ತಿತ್ತು. ಅಳುತ್ತಿದ್ದವರಿಗೆ ಧೈರ್ಯ ಬರಲಿ ಎಂದು ಇನ್ನೂರಡಿ ಎಂದ. ಇನ್ನೂರೇ ತಾನೇ, ಜನ ಕರಕೊಂಡು ಬರುತ್ತೇನೆ ಎಂದು ಕುಪ್ಪುಸ್ವಾಮಿ ಕತ್ತಲಲ್ಲಿ ಗೋಡೆ ಸವರುತ್ತ ಹೊರಟ. ಒಳಗಿನ ಕೆಟ್ಟ ಗಾಳಿ ಅವನನ್ನು ಕೊಂದಿತು. ಉಳಿದ ನಾಲ್ವರನ್ನು ಆಮೇಲೆ ಬಂಡೆ ಸರಿಸಿ ಹೊರಗೆ ತಂದರು. ವಿಚಾರಣೆಯಲ್ಲಿ ಇವನು, "ನಮ್ಮನ್ನು ಬಿಟ್ಟು ಹೊರಟುಹೋದ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡ. ಕುಪ್ಪುಸ್ವಾಮಿ ಹೆದರಿ ಓಡಿದ ಎಂದು ಊರು ಆಡಿಕೊಂಡಿತು. ಇಪ್ಪತ್ತನಾಲ್ಕು ವರ್ಷ ಆಡಿಕೊಂಡಿತು.

"ನಮ್ಮೂರಾ? ತೋರ್ಸಿ," ಎಂದಳು ಮುತ್ಯಾಲಮ್ಮ. ಇವನ ಮೇಲೆ ಬಾಗಿ ಒಂಟಿಗಣ್ಣಿನಲ್ಲಿ ಕೆಳಗೆ ನೋಡಿದಳು. ಗಣಿಯ ಪುಡಿಮಣ್ಣಿನ ಬಿಳಿ ಗುಡ್ಡಗಳು, ಅವುಗಳ ಬುಡದಲ್ಲಿ ಕಾರ್ಮಿಕರ ಲೈನ್ ಮನೆಗಳ ಸಾಲು.

"ಇಳುದ್ರೆ ನಾಳೇನೇ ಅವನ ಹೆಂಡ್ತಿ ಮಾರಿಯಮ್ಮನ ಮನೆಗೋಗಿ ಯೋಳ್ಬೇಕು," ಎಂದಳು. "ಇಳೀಲಿಲ್ಲಾಂದ್ರೆ, ನಂಗಾದ್ರೂ ಯೋಳಿದ್ದೀರಲ್ಲ." ಅವನ ಕೈ ಹಿಡಿದುಕೊಂಡಳು. ಮನೆಯವರ ಮುಂದೆ ಕೂಡ ಅವಳು ಹಾಗೆ ಹಿಡಿದವಳಲ್ಲ.

ಆರನೇ ಸುತ್ತಿನಲ್ಲಿ ಕಾಲ ಕೆಳಗೆ ಧಡ್ ಎಂದಿತು. ಚಕ್ರ ಇಳಿದಿತ್ತು. ಪ್ರಕಟಣೆ ಬಂದ ಕೂಡಲೇ ಚಿಕ್ಕವೆಂಕಟಪ್ಪ ಕೊಟ್ಟ ಮಾತಿನಂತೆ ಯಂತ್ರವನ್ನು ಆರಿಸಿದ. ಕೊನೆಯ ಹತ್ತು ನಿಮಿಷ ಎಲ್ಲಿದ್ದೇನೆಂದು ತಿಳಿಯದೆ ಕಣ್ಣು ಮುಚ್ಚಿ ಕೂತಿದ್ದನಂತೆ.

ಮಾರಿಯಮ್ಮ ಗಣಿಯ ಕೋರಮಂಡಲ್ ಕಾಲೋನಿಯಲ್ಲಿ ನಮ್ಮ ಲೈನಿನವಳೇ. ಮಾರನೇ ದಿನ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಅವಳ ಬಾಗಿಲಿಗೆ ಬಂದರು. ನಾನು ಪಕ್ಕದಲ್ಲೇ ನಮ್ಮ ಜಗಲಿಯ ಮೇಲೆ ಕೂತಿದ್ದೆ. ಚಿಕ್ಕವೆಂಕಟಪ್ಪ ಒಳಗೂ ಹೋಗದೆ, ನಿಂತಲ್ಲೇ ಎಲ್ಲವನ್ನೂ ಹೇಳಿದ. ಮಾರಿಯಮ್ಮ ಬೈಯುತ್ತಾಳೆ, ಮೊರ ತೆಗೆದುಕೊಂಡು ಹೊಡೆಯುತ್ತಾಳೆ ಎಂದು ನಾನು ಎದ್ದು ನಿಂತೆ.

ಅವಳು ಕೇಳಿದ್ದು ಒಂದೇ ಮಾತು. "ಅವ್ರು ಎಷ್ಟ್ ದೂರ ಓಗಿದ್ರು ಅಣ್ಣಾ?"

"ಸಾವಿರದ ಎಂಬತ್ತಡಿ. ಹೆಣ ಸಿಕ್ಕಿದಾಗ ಟೇಪು ಹಿಡ್ದಿದ್ದು ನಾನೇ ಕಣಮ್ಮ. ಶಾಫ್ಟಿಗೆ ಇನ್ನ ಅರವತ್ತಡಿ ಇತ್ತು."

"ಅರವತ್ತಡೀಂದ್ರೆ?"

ಅವನು ಸುತ್ತ ನೋಡಿದ. ಬಾಗಿಲಿನಿಂದ ಬೀದಿ ನಲ್ಲಿಯವರೆಗೆ ಕಣ್ಣಲ್ಲೇ ಅಳೆದ. "ಇಲ್ಲಿಂದ ಆ ನಲ್ಲಿಗಂಟ."

ಮಾರಿಯಮ್ಮ ಅಂಗಳಕ್ಕಿಳಿದಳು. ಒಂದು ಕೈ ಗೋಡೆಗೆ ಕೊಟ್ಟು, ಒಂದೊಂದೇ ಹೆಜ್ಜೆ ಇಡುತ್ತ ನಲ್ಲಿಯವರೆಗೂ ನಡೆದಳು. ಅಲ್ಲಿ ನಿಂತು, ನೀರಿಗೆ ಸಾಲುಗಟ್ಟಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ನಮ್ಮೆಜಮಾನ್ರು ಓಡೋಗ್ಲಿಲ್ಲ. ಜನ ಕರ್ಕೊಂಡ್ ಬರಕ್ಕೆ ಓಗಿದ್ರು."