ಅತ್ತೆಯ ಫೋನು ಬದಲಾಯಿಸಿದ್ದು

ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಯ ಗಡಿಯಾರದಲ್ಲಿ ಮುಳ್ಳುಗಳು ಅಲ್ಲಿಗೆ ಬಂದರೆ ಈಗಲೂ ಕೈಯಲ್ಲಿರುವ ಪುಸ್ತಕವನ್ನು ಮೇಜಿನ ಮೇಲಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಉಪಕಾರವಿಲ್ಲ. ಎದುರು ನಿಂತ ವಿದ್ಯಾರ್ಥಿಗಂತೂ ಇಲ್ಲವೇ ಇಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಒಂದು ದಿನ ಇದೇ ಹೊತ್ತಿಗೆ ನಾನು ಹರಿಹರದ ಶಾರದತ್ತೆಗೆ ಫೋನು ಮಾಡಿದ್ದೆ. ಅದು ಹೋಗಲಿಲ್ಲ.

ಶಾರದತ್ತೆ ನಮ್ಮಪ್ಪನ ಅಕ್ಕ. ಎಪ್ಪತ್ತಾರು ವರ್ಷ. ಒಬ್ಬಳೇ ಇರುತ್ತಾಳೆ, ಆದರೆ ‘ಒಂಟಿ’ ಎಂದು ಯಾರಾದರೂ ಅಂದರೆ ಜಗಳಕ್ಕೆ ಬರುತ್ತಾಳೆ. ಮದುವೆಗೆ ಬಂದ ಹೆಣ್ಣು-ಗಂಡುಗಳ ಸುದ್ದಿ ಅರ್ಧ ತಾಲ್ಲೂಕಿನಿಂದ ಅವಳ ಫೋನಿಗೆ ಬರುತ್ತದೆ. ಸಂಬಂಧ ಕೂಡಿಸುವುದು ಅವಳ ವೃತ್ತಿಯಲ್ಲ, ಚಟ. ಒಮ್ಮೆ ಭಾನುವಳ್ಳಿಯ ಹುಡುಗಿಯ ತಾಯಿಗೆ ಕೊಕ್ಕನೂರಿನ ಹುಡುಗನ ಗುಣ ಹೇಳುತ್ತಿದ್ದಾಗ ನಾನು ಅಲ್ಲೇ ಕೂತಿದ್ದೆ. “ಹುಡುಗ ಚಲೋ ಅದಾನ್ರಿ. ಮಾತು ಸ್ವಲ್ಪ ಕಡಿಮಿ. ಇರ್ಲಿ ಬಿಡ್ರಿ, ನಿಮ್ಮ ಹುಡುಗಿ ಇಬ್ಬರ ಪಾಲಿಂದೂ ಆಡ್ತಾಳಲ್ಲ!” ಆ ಮದುವೆ ಆಯಿತು, ಊಟವೂ ಚೆನ್ನಾಗಿತ್ತು.

ಆದರೆ ಮನೆಯ ಹಳೆಯ ಲ್ಯಾಂಡ್‌ಲೈನು ಕೆಟ್ಟಿತ್ತು. ಹುಡುಗನ ವಯಸ್ಸು ಹೇಳುವ ಹೊತ್ತಿಗೆ ಸರಿಯಾಗಿ ಗರಗರ ಸದ್ದು. ಮೇಲಾಗಿ ಗಂಡುಗಳ ಫೋಟೋಗಳು ಈಗ ಮೊಬೈಲಿಗೆ ಬರುತ್ತವೆ, ಅದಕ್ಕೆ ಇಂಟರ್‌ನೆಟ್ ಬೇಕು. ಕಂಪನಿ ಬದಲಾಯಿಸೋಣ, ಫೋನು-ಇಂಟರ್‌ನೆಟ್ ಎರಡೂ ಒಂದೇ ತಂತಿಯಲ್ಲಿ ಬರುತ್ತವೆ ಎಂದು ಅವಳ ಬೆನ್ನು ಹತ್ತಿದವಳು ನಾನೇ.

“ನಂಬರ್ ಅದೇ ಇರ್ತೈತೇನೆ? ಬದ್ಲಾದ್ರೆ ಶಾರದಮ್ಮ ಸತ್ಲು ಅಂತ ತಿಳ್ಕಂತಾರೆ ಮಂದಿ.”

ಅದೇ ಇರುತ್ತದೆ ಎಂದು ಆಣೆ ಮಾಡಿದೆ. ಇದ್ದಿತು ಕೂಡ.

ಹೊಸ ಕಂಪನಿಯವನು ಡ್ರಿಲ್ ಹಿಡಿದು ಬಂದು, ಇಂಟರ್‌ನೆಟ್ಟಿನ ಪೆಟ್ಟಿಗೆ ಎಲ್ಲಿ ಹಾಕಲಿ ಎಂದು ಕೇಳಿದ. “ಫೋನಿನ ಪಕ್ಕದಾಗೇ ಹಾಕಪ್ಪ, ಕೈಗೆ ಸಿಗಬೇಕು” ಅಂದಳು ಅತ್ತೆ. ನಾನು ಓದಿದವಳಲ್ಲವೇ? ನೆಲ ತೊಳೆಯುವಾಗ ನೀರು ಸಿಡಿಯುತ್ತದೆ ಎಂದು ಪೆಟ್ಟಿಗೆಯನ್ನೂ ಅದರ ಸ್ವಿಚ್ಚನ್ನೂ ಆಳೆತ್ತರದಲ್ಲಿ ಹಾಕಿಸಿದೆ. ಅತ್ತೆ ಅವನಿಗೆ ಚಹಾ ಮಾಡಲು ಒಳಗೆ ಹೋದಾಗ ಅವನು ಇನ್ನೊಂದು ಮಾತು ಹೇಳಿದ: ಹಳೆಯ ಫೋನಿನಂತಲ್ಲ ಇದು, ಪೆಟ್ಟಿಗೆ ಆರಿದರೆ ಫೋನೂ ಸತ್ತಂತೆ. ನಾನು ತಲೆಯಾಡಿಸಿದೆ. ಅತ್ತೆಗೆ ಅದನ್ನು ದಾಟಿಸಲೇ ಇಲ್ಲ. ಹೊರಡುವಾಗ ನಾನು ಹೇಳಿಹೋದದ್ದು ಒಂದೇ ಮಾತು: “ಗುಡುಗಿದ್ರೆ ಸ್ವಿಚ್ ಆರಿಸು ಅತ್ತೆ, ಪೆಟ್ಟಿಗೆ ಸುಟ್ಟುಹೋಗ್ತೈತೆ.”

ಶಾರದತ್ತೆ ಯಾರ ಮಾತನ್ನೂ ಕೇಳದವಳು. ನನ್ನ ಆ ಒಂದು ಮಾತನ್ನು ಕೇಳಿದಳು.

ಆ ದಿನ ನನ್ನ ಕಾಲೇಜಿರುವ ದಾವಣಗೆರೆಯಲ್ಲಿ ಬಿಸಿಲು, ಹರಿಹರದಲ್ಲಿ ಗುಡುಗು. ಅತ್ತೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಮರೆಯದೆ ಸ್ವಿಚ್ ಆರಿಸಿ, ಹಿತ್ತಲಿನ ಬಟ್ಟೆ ತರಲು ಓಡಿದ್ದಾಳೆ. ಒದ್ದೆ ಕಾಲಲ್ಲಿ ಪಡಸಾಲೆಗೆ ಬಂದವಳು ಜಾರಿ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿದೆ. ತಂತಿ ಎಳೆದು ಫೋನನ್ನು ನೆಲಕ್ಕೆ ಬೀಳಿಸಿಕೊಂಡು ಕಿವಿಗಿಟ್ಟರೆ ಸದ್ದೇ ಇಲ್ಲ. ಯಾಕೆಂದು ಆಗ ಹೊಳೆದಿದೆ. ಸ್ವಿಚ್ಚು ಮಾತ್ರ ಆಳೆತ್ತರದಲ್ಲಿ. ಮೊಬೈಲನ್ನು ಆಕೆ ಫೋನೆಂದು ಒಪ್ಪಿಯೇ ಇರಲಿಲ್ಲ. ಫೋಟೋ ನೋಡಿ ಮುಗಿದ ಮೇಲೆ ಆರಿಸಿ ಬೀರುವಿನಲ್ಲಿಡುತ್ತಿದ್ದಳು.

ನಾನು ನಾಲ್ಕು ಸಲ ಪ್ರಯತ್ನಿಸಿದೆ. ಹೊಸ ಕಂಪನಿಯ ಹಣೆಬರಹವೇ ಇಷ್ಟು ಎಂದು ಗೊಣಗಿ ಚಹಾ ಕುಡಿಯಲು ಹೋದೆ. ಚಹಾ ರುಚಿಯಾಗಿತ್ತು. ಹೆಚ್ಚು ಕಾಡುವುದು ಅದೇ. ಬಂದ ಮೇಲೆ ಕಂಪನಿಯವರನ್ನು ತರಾಟೆಗೆ ತೆಗೆದುಕೊಳ್ಳೋಣವೆಂದು ಅವರಿಗೆ ಫೋನು ಮಾಡಿದರೆ, ಆ ಕಡೆಯ ಹುಡುಗಿ ತಣ್ಣಗೆ, “ಲೈನ್ ಸರಿ ಇದೆ ಮೇಡಂ. ಮನೇಲಿ ಪೆಟ್ಟಿಗೆ ಆಫ್ ಆಗಿದೆ, ಒಂದು ಗಂಟೆ ಆಯ್ತು” ಅಂದಳು. ಆಮೇಲೆ ನನಗೆ ನೆನಪಿರುವುದು ಹರಿಹರದ ಬಸ್ಸಿನ ಮುಂದಿನ ಸೀಟು, ಅದರ ಕಂಬಿ ಹಿಡಿದ ನನ್ನ ಕೈ.

ಬಾಗಿಲು ಬರಿದೇ ಮುಚ್ಚಿತ್ತು. ತಳ್ಳಿದೆ. ಮೋಡ ಕವಿದು ಒಳಗೆ ಕತ್ತಲು. ಅಭ್ಯಾಸಬಲದಿಂದ ಕೈ ಲೈಟಿನ ಸ್ವಿಚ್ಚಿನ ಮೇಲೆ ಹೋಯಿತು.

“ಮುಟ್ಟಬ್ಯಾಡ! ಸ್ವಿಚ್ ಮುಟ್ಟಬ್ಯಾಡ! ಗ್ಯಾಸು!”

ನೆಲದಿಂದ ಬಂದ ದನಿ. ಆಗ ಮೂಗಿಗೆ ವಾಸನೆ ಬಡಿಯಿತು. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಹಿತ್ತಲ ಬಾಗಿಲು ತೆರೆದಿದ್ದರಿಂದ ಅವಳಿಗೆ ಉಸಿರು ಉಳಿದಿತ್ತು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು, ಒತ್ತಿರಲಿಲ್ಲ. ಅದನ್ನು ಹಿಂದಕ್ಕೆ ತೆಗೆಯುವುದಕ್ಕೂ ಹೆದರಿಕೆಯಾಗಿ, ಎಷ್ಟು ಹೊತ್ತೋ ಹಾಗೇ ನಿಂತೆ.

ನನ್ನ ಕೂಗಿಗೆ ಓಡಿ ಬಂದವರು ಪಕ್ಕದ ಮನೆಯ ಖಾದರ್ ಸಾಹೇಬರು. ತಗಡಿನ ಟ್ರಂಕು ಮಾಡುವವರು. ಹಿತ್ತಲಿನಿಂದ ನುಗ್ಗಿ ಸಿಲಿಂಡರ್ ಬಂದ್ ಮಾಡಿದರು, ಕಿಟಕಿ ತೆರೆದರು, ಆಂಬ್ಯುಲೆನ್ಸಿಗೆ ಹೇಳಿದರು. ಎಲ್ಲ ಆದ ಮೇಲೆ ಅತ್ತೆಯ ಪಕ್ಕ ನೆಲದ ಮೇಲೆ ಕುಕ್ಕರಿಸಿದರು. “ಅಮ್ಮಾರೇ, ನನ್ನ ಸುತ್ತಿಗಿ ಸಪ್ಪಳದಾಗ ನಿಮ್ಮ ದನಿ ಕೇಳ್ಲಿಲ್ರೀ. ಮಾಫ್ ಮಾಡ್ರಿ.”

“ದಿನಾ ಬೈತಿದ್ದೆ ಆ ಸಪ್ಪಳಕ್ಕ” ಅಂದಳು ಅತ್ತೆ, ಹಲ್ಲು ಕಚ್ಚಿ. “ಇವತ್ತು ಅದೊಂದೇ ಜೊತಿಗಿತ್ತು ಸಾಹೇಬ್ರೇ.”

ಆಪರೇಷನ್ ಆದ ಮೇಲೆ ಅವಳನ್ನು ದಾವಣಗೆರೆಯ ವಿದ್ಯಾನಗರದ ನನ್ನ ಮನೆಗೆ ಕರೆತಂದೆ. ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬೆರಳ ಕೆಳಗೆ ಸ್ವಿಚ್ಚು. ಎದ್ದು ಅಡುಗೆಮನೆ ಮೂಸಿ ಬರುತ್ತಿದ್ದೆ. ಅತ್ತೆಯೂ ಮಲಗುತ್ತಿರಲಿಲ್ಲ, ನೋವಿಗೆ ಎಂದುಕೊಂಡಿದ್ದೆ.

ಮೂರನೇ ವಾರದ ಸೋಮವಾರ ಮಧ್ಯಾಹ್ನ ಅವಳು ಮಂಚದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಹೇಳಿಬಿಟ್ಟೆ. ಪೆಟ್ಟಿಗೆಯ ಗುಟ್ಟು ಹೇಳದೆ ಬಿಟ್ಟಿದ್ದು, ನಾಲ್ಕು ಸಲ ಫೋನು ಹೋಗದಿದ್ದರೂ ಚಹಾಕ್ಕೆ ಹೋಗಿದ್ದು, ಎಲ್ಲವನ್ನೂ.

ಅತ್ತೆ ಕೈಯಲ್ಲಿದ್ದ ಕಟ್ಟನ್ನು ಪೂರ್ತಿ ಬಿಡಿಸಿ ಮುಗಿಸಿದಳು.

“ಬಿದ್ದಲ್ಲೇ ನಿನ್ನ ಬೈದೀನಿ. ಓದಿ ಓದಿ ಕೆಟ್ಟಾಳ ಅಂತ. ನಿಮ್ಮಪ್ಪನ್ನೂ ಬೈದೆ, ಹೊತ್ತಿತ್ತಲ್ಲ.”

“ಆಮ್ಯಾಲೆ?”

“ಆಮ್ಯಾಲೆ ನೀನು ಬಾಗಿಲು ತಳ್ಳಿದಿ. ಬಂದ್ಲು ಅಂತ ಖುಷಿ ಆಗ್ಲಿಲ್ಲ ಕಣೇ, ಎದಿ ಒಡೀತು. ನಾನು ಹೋದ್ರೆ ಹೋಗ್ಲಿ, ಈ ಹುಡುಗಿನೂ ಕರ್ಕಂಡು ಹೋಗ್ತೀನಲ್ಲಪ್ಪಾ ಅಂತ.” ಅವಳು ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿದಳು. “ನಿನ್ನ ಕೈ ಆ ಸ್ವಿಚ್ಚಿನ ಮ್ಯಾಲೆ ಇದ್ದದ್ದು ಕಣ್ಣಾಗಿಂದ ಹೋಗವಲ್ದು. ನಿದ್ದಿ ಎಲ್ಲಿಂದ ಬರಬೇಕು?”

ಇಬ್ಬರೂ ಇಷ್ಟು ದಿನ ಒಂದೇ ಕೋಣೆಯಲ್ಲಿ ಮಲಗಿ ಒಂದೇ ಬೆರಳನ್ನು ನೋಡುತ್ತಿದ್ದೆವು. ನಾನು ಅವಳ ಕೈ ಹಿಡಿಯಹೋದೆ. “ಮಣ್ಣಾಗೈತೆ, ಸರಿ ಅತ್ಲಾಗ” ಅಂದಳು. ಆದರೆ ಕೈ ಎಳೆದುಕೊಳ್ಳಲಿಲ್ಲ.

ಮರುದಿನ ಮಂಗಳವಾರ. ಯಾರೋ ಬಾಗಿಲು ಬಡಿಯುತ್ತಿದ್ದರು. ಎದುರು ಮನೆಯವರು, ಕೈಯಲ್ಲಿ ನಮ್ಮ ಹಾಲಿನ ಪಾಕೀಟು: “ಬಿಸಿಲಿಗೆ ಒಡೆದೇ ಹೋಗ್ತೈತಲ್ರೀ, ಊರಿಗೆ ಹೋಗೀರೇನೋ ಅಂದ್ಕಂಡೆ.” ಒಳಗೆ ಬಂದರೆ ಅತ್ತೆ ಕಣ್ಣುಜ್ಜಿಕೊಳ್ಳುತ್ತಿದ್ದಳು.

“ಗಂಟಿ ಎಷ್ಟಾತೇ? ಯಾಕ ಎಬ್ಬಿಸ್ಲಿಲ್ಲ?”

“ಎಂಟೂವರೆ. ನಾನೂ ಈಗ್ಲೇ ಎದ್ದೆ ಅತ್ತೆ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮತ್ತೆ ದಿಂಬಿಗೆ ಒರಗಿ, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.