ಮಂದೆಯವರ ಕುದುರೆ, ನಮ್ಮಣ್ಣನ ಲಾಯ

ನಮ್ಮಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಬೆರಳುಗಳದ್ದನ್ನು ಬ್ಲೇಡಿನಲ್ಲಿ ಹೆರೆದುಕೊಂಡು ಅದೊಂದನ್ನು ಬಿಡುತ್ತಿದ್ದ. ಹಳದಿ ಬಣ್ಣದ, ತುದಿ ಸ್ವಲ್ಪ ಬಾಗಿದ, ಹುಣಸೆಬೀಜದಷ್ಟು ಗಟ್ಟಿಯಾದ ಉಗುರು. ಅದಿದ್ದದ್ದು ಗಂಟು ಬಿಚ್ಚುವುದಕ್ಕೆ. ಹಗ್ಗವಿರಲಿ, ಚೀಲವಿರಲಿ, ಹೂವಿನ ಪೊಟ್ಟಣವಿರಲಿ, ಕತ್ತರಿಸಿದರೆ ಅವನಿಗೆ ಆಗುತ್ತಿರಲಿಲ್ಲ. ಕೂತು ಬಿಚ್ಚಬೇಕು. ಬಿಚ್ಚಿ ಮತ್ತೆ ಕಟ್ಟಬೇಕು.

"ಒಂದ್ಸಲ ಬಿಚ್ಚಿ ಕಟ್ಟಾಣ" ಎನ್ನುವುದು ಅವನ ಮಾತು. ಈ ಮಾತು ಕೇಳಿ ಕೇಳಿ ನನ್ನ ಅರ್ಧ ಆಯುಷ್ಯ ಸವೆದಿದೆ. ಚೆನ್ನಾಗಿ ಓಡುತ್ತಿದ್ದ ಪಂಪಿನ ಸ್ಟಾರ್ಟರು ಬಿಚ್ಚುತ್ತಿದ್ದ. ನೆಟ್ಟಗಿದ್ದ ಬೇಲಿ ಬಿಚ್ಚುತ್ತಿದ್ದ. ನಾನು ಬೆನ್ನು ಬಗ್ಗಿಸಿ ಹೊಲಿದಿಟ್ಟ ಮೆಕ್ಕೆಜೋಳದ ಚೀಲದ ಬಾಯನ್ನು ಬಿಚ್ಚಿ, ಇನ್ನಷ್ಟು ಬಿಗಿ ಬರಬೇಕಿತ್ತು ಎಂದು ತಾನು ಹೊಲಿಯುತ್ತಿದ್ದ. ಲಾರಿಯವನು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದರೂ ಅವನ ಕೈ ಅವಸರ ಮಾಡುತ್ತಿರಲಿಲ್ಲ.

"ಅಣ್ಣ, ಲಾರಿ ಹೋಗುತ್ತೆ."

"ಹೋದ್ರೆ ಬರುತ್ತೆ ತಗಾ."

ನಾನು ಗಂಡನ ಮನೆ ಬಿಟ್ಟು ತವರಿಗೆ ಬಂದಾಗ ಅತ್ತಿಗೆ ತೀರಿಕೊಂಡಿದ್ದರು, ಅವರ ಮಗಳ ಮದುವೆ ಮುಗಿದಿತ್ತು. ಗೋವಿನಕೋವಿ ದಾರಿಯ ಹೊಲದ ಮನೆಯಲ್ಲಿ ಅಣ್ಣ ಒಬ್ಬನೇ ಇದ್ದ. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ನನ್ನ ಟ್ರಂಕಿಗೆ ಕಟ್ಟಿದ್ದ ಹಗ್ಗವನ್ನು ನಿಧಾನವಾಗಿ ಬಿಚ್ಚಿ, ಸುರುಳಿ ಸುತ್ತಿ, ಗೂಟಕ್ಕೆ ನೇತುಹಾಕಿದ. ಅಷ್ಟೇ. ಊರಿನವರು ಕೇಳಿದರು. ಇನ್ನೆಷ್ಟು ದಿನ ಇರ್ತೀಯ, ಅವರು ಕರಿಯಾಕೆ ಬರಲ್ವಾ ಎಂದು ಬಾವಿಕಟ್ಟೆಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮನೆಯಲ್ಲಿ ಎರಡಾಳಿನ ಕೆಲಸ ಮಾಡುತ್ತಿದ್ದೆ.

ಹಿಂಗಾರಿನ ಕೊಯ್ಲಾದ ಮೇಲೆ ಜಗಳೂರು ಕಡೆಯಿಂದ ಕುರಿ ಮಂದೆಯವರು ನಮ್ಮ ಸೀಮೆಗೆ ಬರುತ್ತಾರೆ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಅವರಿಗೆ ಕಾಳು. ಅವರ ಪಾತ್ರೆ, ಕಂಬಳಿ, ಎಳೆ ಮರಿಗಳನ್ನೆಲ್ಲ ಹೊರುವುದು ಸಣ್ಣ ಜಾತಿಯ ಕುದುರೆಗಳು. ಆ ಸಲ ನಮ್ಮ ಹೊಲಕ್ಕೆ ಬಂದವರ ಹೆಣ್ಣು ಕುದುರೆಯೊಂದು ಡಾಂಬರು ರಸ್ತೆಯಲ್ಲಿ ಮೊಳೆ ತುಳಿದು ಕುಂಟುತ್ತಿತ್ತು. ಗೊರಸಿನೊಳಗೆ ಕೀವು ತುಂಬಿತ್ತು. ದನದ ಡಾಕ್ಟರು ಬಂದು ನೋಡಿ, ಇದು ನಡೆಯಕೂಡದು, ಮಳೆಗಾಲ ಪೂರ್ತಿ ಒಣ ನೆಲದ ಮೇಲೆ ನಿಲ್ಲಬೇಕು, ಕೆಸರು ಸೋಕಿದರೆ ಕಾಲು ಹೋದಂತೆ ಎಂದರು. ಮಂದೆಯವರು ನಿಲ್ಲುವ ಹಾಗಿರಲಿಲ್ಲ. ಮಂದೆಯ ಹಿರಿಯ ಕಂಬಳಿ ಹೊದ್ದು ನಮ್ಮ ಜಗುಲಿಯ ಕೆಳಗೆ ಸುಮ್ಮನೆ ನಿಂತಿದ್ದ. ಅಣ್ಣನೇ ಬಾಯಿ ಬಿಟ್ಟ.

"ಇಲ್ಲೇ ಬಿಟ್ಟು ಹೋಗ್ರಿ. ಮುಂದಿನ ಸಲ ಬಂದಾಗ ಹೊಡ್ಕೊಂಡು ಹೋಗೀರಂತೆ. ಮಳೆ ಹಿಡಿಯೋದ್ರೊಳಗೆ ಒಂದು ಲಾಯ ಕಟ್ಟಿಸ್ತೀನಿ."

ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ನಮ್ಮ ವಂಶದಲ್ಲಿ ಯಾರೂ ಕುದುರೆ ಸಾಕಿದವರಲ್ಲ. ಅದರ ಮೇಲೆ ಇದು ನಮ್ಮದೂ ಅಲ್ಲ, ಬಂದವರು ಹೊಡೆದುಕೊಂಡು ಹೋಗುವಂಥದ್ದು. ಅದಕ್ಕೆ ಕಲ್ಲಿನ ಪಾಯ, ಇಟ್ಟಿಗೆ ಗೋಡೆ, ಹಂಚಿನ ಮಾಡು!

"ಕೊಟ್ಟಿಗೇಲಿ ದನದ ಜೊತೆ ಕಟ್ಟಿದ್ರಾಗಲ್ವಾ?" ಎಂದೆ.

"ಕೊಟ್ಟಿಗೆ ನೆಲ ಯಾವತ್ತೂ ಹಸಿ. ಮಾತು ಕೊಟ್ಟೀನಲ್ಲ ತಂಗೆವ್ವ."

ಮಾತು ಕೊಟ್ಟವನು ಅವನು. ಕುದುರೆಗೆ ಹುರುಳಿ ಬೇಯಿಸಿದವಳು ನಾನು. ಗೊರಸು ತೊಳೆದು ಔಷಧಿ ಹಚ್ಚುವಾಗ ಕಾಲು ಎತ್ತಿ ಹಿಡಿದವಳೂ ನಾನು. ಅದು ನನ್ನ ಸೆರಗು ಕಚ್ಚಿ ಎಳೆಯುವುದು, ಅಣ್ಣ ನಗುವುದು.

ನಮ್ಮ ಕಡೆ ಏನೇ ಕಟ್ಟಿದರೂ ಮೊದಲು ಆಯ ನೋಡುತ್ತಾರೆ. ಮನೆಯ ಯಜಮಾನನ ಮೊಳದಲ್ಲಿ ಉದ್ದ ಅಗಲ ಅಳೆದು, ಲೆಕ್ಕ ಹಾಕಿ, ಅಳತೆ ಕೂಡಿ ಬಂದರೆ ಮಾತ್ರ ಗುದ್ದಲಿ ಹಾಕುವುದು. ಪಕ್ಕದ ಹೊಲದ ಅಜ್ಜ ಆಯ ಬಲ್ಲವನು. ಅವನು ಬಂದು ಅಣ್ಣನ ಮೊಳ ಹಿಡಿದು ಅಳೆದು ಮಣ್ಣಿನಲ್ಲಿ ಗೀಟು ಹಾಕಿ ತಲೆ ಕೆರೆದುಕೊಂಡ.

"ಎತ್ತಿಗಾದ್ರೆ ವೃಷಭಾಯ. ಆನೆಗಾದ್ರೆ ಗಜಾಯ. ಕುದುರೆಗೆ ಅಂತ ಆಯಾನೇ ಇಲ್ಲಲ್ಲೋ."

"ಹತ್ರದ್ದು ಯಾವುದೈತೆ ನೋಡಜ್ಜ."

"ಖರಾಯ ಐತೆ. ಅದು ಕತ್ತೆದು."

"ಕತ್ತೆ ಯಾವ ಕಡೆ ಕಟ್ಟಬೇಕು, ಕಟ್ಟಿಸೋನ್ನ ಯಾವ ಕಡೆ ಕಟ್ಟಬೇಕು, ಅದನ್ನೂ ಹೇಳಿಬಿಡಜ್ಜ" ಎಂದೆ ನಾನು. ಅಜ್ಜ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಅಣ್ಣನೂ ನಕ್ಕ. ಕೊನೆಗೆ ವೃಷಭಾಯಕ್ಕೇ ಕೂಡಿಸಿ, ಕುದುರೆಯ ಕಿವಿಗೆ ಹೇಳೋದು ಬ್ಯಾಡ ಎಂದು ತೀರ್ಮಾನವಾಯಿತು.

ಕಟ್ಟಲು ಸೂರಗೊಂಡನಕೊಪ್ಪದ ಕಡೆಯ ಮೇಸ್ತ್ರಿ ಬಂದ. ಒಳ್ಳೆ ಕೈ, ಬಾಯಿ ಜೋರು. ಅವನು ಆವರೆಗೆ ಕಟ್ಟಿದ್ದೆಲ್ಲ ದನದ ಕೊಟ್ಟಿಗೆ. ಇದನ್ನೂ ಹಾಗೇ ಕಟ್ಟಿದ. ಬಾಗಿಲು ಗಿಡ್ಡ, ಮಾಡು ಗಿಡ್ಡ, ಗೋದಲಿ ನೆಲದ ಮಟ್ಟದಲ್ಲಿ. ದನ ತಲೆ ತಗ್ಗಿಸಿ ನಿಲ್ಲುತ್ತದೆ, ಕುದುರೆ ತಲೆ ಎತ್ತಿ ನಿಲ್ಲುತ್ತದೆ ಎನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಂಚು ಹೊದಿಸಿದ ಬೆಳಿಗ್ಗೆ ಕುದುರೆಯನ್ನು ಒಳಗೆ ನಿಲ್ಲಿಸಿದೆವು. ಅದು ಒಂದು ಸಲ ಕತ್ತು ಕೊಡವಿತು. ಹಂಚುಗಳು ದಡದಡನೆ ನಮ್ಮ ಮೇಲೇ ಬಿದ್ದವು.

ಅಣ್ಣ ಹಣೆಯ ಮೇಲಿನ ಮಣ್ಣು ಒರೆಸಿಕೊಂಡು ಮಾಡು ನೋಡಿದ. ಅವನ ಬಾಯಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಬಂತು.

"ಒಂದ್ಸಲ ಬಿಚ್ಚಿ ಕಟ್ಟಾಣ."

ಮೇಸ್ತ್ರಿ ಗೊಣಗುತ್ತಲೇ ಪಾಯದವರೆಗೂ ಬಿಚ್ಚಿದ. ಮರುದಿನ ನಾನು ಚಹ ಕೊಡಲು ಹೋದಾಗ ಅಣ್ಣ ಅಲ್ಲಿರಲಿಲ್ಲ. ಮೇಸ್ತ್ರಿ ಲೋಟ ತೆಗೆದುಕೊಂಡು ಕುದುರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತಮಾಷೆಗೆಂದ:

"ನಿಮ್ಮಣ್ಣಂಗೆ ಬೇರೆಯೋರು ಬಿಟ್ಟಿದ್ದನ್ನ ಸಾಕೋ ಚಟ ಕಣವ್ವ. ಮೊದ್ಲು ಗಂಡ ಬಿಟ್ಟಿದ್ದು, ಈಗ ಮಂದೆಯೋರು ಬಿಟ್ಟಿದ್ದು."

ಕೆಟ್ಟ ಮನಸ್ಸಿನ ಮಾತಲ್ಲ. ಹೇಳಿ ತಾನೇ ನಕ್ಕು ಚಹ ಊದಿಕೊಂಡ. ಆದರೆ ನನ್ನ ಕಿವಿ ಬಿಸಿಯಾಯಿತು. ಬಾವಿಕಟ್ಟೆಯವರು ಸುತ್ತಿ ಬಳಸಿ ಕೇಳುತ್ತಿದ್ದದ್ದನ್ನು ಇವನು ನೇರವಾಗಿ ಹೇಳಿದ್ದ. ಕುಂಟು ಕುದುರೆಗೂ ನನಗೂ ಒಂದೇ ಹಗ್ಗ.

"ನಾಳೆಯಿಂದ ನೀನು ಬರಬ್ಯಾಡ" ಎಂದೆ. "ಅಣ್ಣ ಹೇಳ್ಯಾನೆ."

"ನಿಮ್ಮಣ್ಣ ಹೇಳ್ಯಾನಾ?"

"ಹ್ಞೂಂ. ಅವನೇ."

ಅವನು ಮುಖ ಸಣ್ಣ ಮಾಡಿಕೊಂಡು ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಹೋದ. ಸಂಜೆ ಅಣ್ಣನಿಗೆ, ಮೇಸ್ತ್ರಿಗೆ ಚನ್ನಗಿರಿ ಕಡೆ ದೊಡ್ಡ ಕೆಲಸ ಸಿಕ್ಕಿದೆಯಂತೆ, ಇನ್ನು ಬರುವುದಿಲ್ಲವಂತೆ ಎಂದೆ. ಒಂದೇ ದಿನ ಎರಡು ಕಡೆ ಎರಡು ಸುಳ್ಳು.

ಅಣ್ಣ ನಂಬಲಿಲ್ಲವೋ ಏನೋ, ಮರುದಿನ ಗಾಡಿ ಹತ್ತಿ ಮೇಸ್ತ್ರಿಯ ಊರಿಗೇ ಹೋದ. ನಾನು ಮತ್ತೆ ಮತ್ತೆ ಅಂಗಳಕ್ಕೆ ಬಂದು ದಾರಿ ನೋಡಿದೆ. ಮಧ್ಯಾಹ್ನ ಬಂದವನು ಕಾಲು ತೊಳೆದುಕೊಂಡು, "ಹೌದಂತೆ, ಚನ್ನಗಿರಿ ಕಡೆ ಕೆಲಸ ಐತಂತೆ" ಎಂದ. ನನ್ನ ಸುಳ್ಳಿಗೆ ಮೇಸ್ತ್ರಿಯೇ ಹೆಂಗೆ ಸಾಕ್ಷಿ ಹೇಳಿದ ಎಂದು ಆಶ್ಚರ್ಯವಾಯಿತು. ಅವನಿಗೂ ಅವಮಾನವಾಗಿ ಏನೋ ಒಂದು ಹೇಳಿ ಕಳಿಸಿರಬೇಕು ಎಂದುಕೊಂಡೆ. ಬೇರೆ ಮೇಸ್ತ್ರಿ ಕರೆಸು ಎಂದರೆ ಅಣ್ಣ, "ನಾವೇ ಕಟ್ಟಾಣ ಬಿಡು" ಎಂದ.

ಅಲ್ಲಿಂದ ನನ್ನ ಪಾಡು ಯಾರಿಗೂ ಬೇಡ. ಪಾಯವನ್ನೂ ಮತ್ತೆ ಅಳೆಯಬೇಕಂತೆ, ಈ ಸಲ ನನ್ನ ಮೊಳದಲ್ಲಿ. ಮನೆಯಲ್ಲಿ ಟೇಪಿತ್ತು. ಅವನದೇ ಕೈಯಿತ್ತು. ರೊಟ್ಟಿ ತಟ್ಟುತ್ತಿದ್ದರೂ ಕರೆಯುತ್ತಿದ್ದ, ಎಮ್ಮೆ ಕೆಚ್ಚಲಿಗೆ ಕೈ ಹಾಕಿದ್ದರೂ ಕರೆಯುತ್ತಿದ್ದ. ಹಿಟ್ಟಿನ ಕೈ ಚಾಚಿ ದಾರದ ಮೇಲೆ ಇಟ್ಟು ನಾನು ಬೈಯುತ್ತಿದ್ದೆ. ಅಜ್ಜ ನೋಡಿ, "ಏನಯ್ಯ ಇದು, ಯಜಮಾನಂದು ತಗಾಬೇಕು ಮೊಳ" ಎಂದ.

"ಯಜಮಾನ್ರದ್ದೇ ತಗೊಂತಿರೋದು" ಎಂದ ಅಣ್ಣ.

ನಾನು ಯಾವಾಗಲೂ ಅವನ ಮೇಲೆ ಜೋರು ಮಾಡುತ್ತಿದ್ದವಳು. ಚುಚ್ಚುತ್ತಿದ್ದಾನೆ ಎಂದುಕೊಂಡೆ. "ಯಜಮಾನ್ರಿಗೆ ಒಲೆ ಮೇಲೆ ರೊಟ್ಟಿ ಸೀದು ಹೋಗ್ತೈತೆ" ಎಂದು ಕೈ ಕಿತ್ತುಕೊಂಡು ಬಂದೆ.

ಗೋಡೆ ಎದೆಮಟ್ಟ ಬರುವುದರೊಳಗೆ ಮಳೆ ಹಿಡಿಯಿತು. ಮೇಸ್ತ್ರಿ ಇದ್ದಿದ್ದರೆ ಎಂದೋ ಮಾಡು ಏರುತ್ತಿತ್ತು. ಕುದುರೆಯನ್ನು ಜಗುಲಿಯ ಮೇಲೆ ಕಟ್ಟಿ ನಾವು ಹಿತ್ತಲ ಬಾಗಿಲಿನಿಂದ ಓಡಾಡಿದೆವು. ಜಗುಲಿಯ ಅಂಚಿಗೆ ಎರಚಲು ಬಡಿದು ಗೊರಸು ಮತ್ತೆ ನೆನೆಯತೊಡಗಿತು. ಅಣ್ಣನಿಗೆ ಮೊದಲ ಸಲ ಅವಸರ ಬಂತು, ತೆಂಕಣ ಗೋಡೆಯೊಂದನ್ನು ಬಿಟ್ಟು ಉಳಿದವನ್ನು ಬೇಗಬೇಗ ಏರಿಸಿದ. ಒದ್ದೆ ಏಣಿ ಹತ್ತಿ ತೊಲೆ ಕೂರಿಸಲು ಹೋದವನು ಜಾರಿ, ಬಲಗೈ ಊರಿ ಬಿದ್ದ. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಆಗಲೂ ನಾನು ಮಾಡಿದ್ದನ್ನು ಹೇಳಲಿಲ್ಲ. "ನಿಂಗೆ ಬುದ್ಧಿ ಐತಾ, ಮಳೇಲಿ ಏಣಿ ಹತ್ತಾಕೆ?" ಎಂದು ಅವನನ್ನೇ ಬೈದೆ.

ಕೈಗೆ ಪಟ್ಟು ಹಾಕಿಸಿಕೊಂಡು ಅವನು ಕಲ್ಲಿನ ಮೇಲೆ ಕೂತ. ಉಳಿದದ್ದನ್ನು ಅವನು ಹೇಳಿದಂತೆ ನಾನು ಕಟ್ಟಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಗಾರೆ ಕಲಸುವುದನ್ನೂ ಕಲಿತೆ. ಮಾಡಿಗೆ ಮಾತ್ರ ಅಜ್ಜನ ಮನೆಯವರು ಕೈ ಹಚ್ಚಿದರು. ತೆಂಕಣ ಗೋಡೆ ಪೂರ್ತಿ ನನ್ನದು. ಹೊಟ್ಟೆ ಬಿಟ್ಟುಕೊಂಡು ಸೊಟ್ಟಗೆ ನಿಂತಿದೆ. ಬಿಚ್ಚಿಸಿಯೇ ಬಿಡುತ್ತಾನೆ ಎಂದು ಕಾದೆ. ಅವನು ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ, "ಇರ್ಲಿ ಬಿಡು, ನಿಂತೈತಲ್ಲ" ಎಂದ. ಆ ಕುದುರೆ ಆ ಮಳೆಗಾಲ ಅಲ್ಲೇ ಒಣಗಿನಲ್ಲಿ ನಿಂತಿತು. ಗೊರಸು ಮಾಗಿತು.

ಅಣ್ಣನ ಮಣಿಕಟ್ಟು ಮಾತ್ರ ಮೊದಲಿನಂತೆ ಕೂಡಲಿಲ್ಲ. ಮುಷ್ಟಿ ಬಿಗಿಯಲು ಬರುತ್ತಿರಲಿಲ್ಲ. ಗಂಟು ಸಿಕ್ಕರೆ ಸ್ವಲ್ಪ ಹೊತ್ತು ಹೆಣಗಾಡಿ ನನ್ನ ಕಡೆ ನೂಕುತ್ತಿದ್ದ. ನಾನು ಕುಡುಗೋಲಿನಿಂದ ಕತ್ತರಿಸಿ ಕೊಡುತ್ತಿದ್ದೆ. ಅವನು ಆಚೆ ನೋಡುತ್ತಿದ್ದ.

ಮಂದೆಯವರು ಬಂದರು, ಕುದುರೆಯನ್ನು ಕರೆದುಕೊಂಡು ಹೋದರು. ಅದು ಹಿಂದಿರುಗಿಯೂ ನೋಡಲಿಲ್ಲ. "ಅಷ್ಟು ಹುರುಳಿ ತಿಂದಿದ್ದಕ್ಕೆ ಒಂದು ಸಲ ನೋಡಬಾರದಿತ್ತಾ?" ಎಂದೆ. "ಕಾಲು ನೆಟ್ಟಗಾಗೈತಲ್ಲ, ಅದು ಯಾಕೆ ನೋಡ್ಬೇಕು?" ಎಂದ ಅಣ್ಣ.

ಆಮೇಲೆ ಒಂದು ದಿನ ಧೈರ್ಯ ಮಾಡಿದೆ. ಅವನು ಉಣ್ಣುತ್ತಿದ್ದ, ಎಡಗೈಯಲ್ಲಿ ಚಮಚ ಹಿಡಿದು.

"ಅಣ್ಣ, ಆ ಮೇಸ್ತ್ರಿ ಇದ್ನಲ್ಲ..."

"ಒಳ್ಳೆ ಕೆಲಸಗಾರ. ಗದ್ದೆಗೆ ನೀರು ತಿರುಗಿಸಿದೆಯೇನು?"

"ಅವ್ನು ಅವತ್ತು..."

"ನೀರು ನೋಡು ಹೋಗವ್ವ, ಕರೆಂಟು ಹೋಗುತ್ತೆ."

ನಾನು ನೀರು ನೋಡಲು ಹೋದೆ. ಹೇಳದೆ ಉಳಿದದ್ದಕ್ಕೆ ನನಗೆ ಖುಷಿಯೇ ಆಗಿತ್ತು, ಅದನ್ನೂ ಒಪ್ಪಿಕೊಳ್ಳಬೇಕು.

ಕಳೆದ ವರ್ಷ ಅಣ್ಣ ನ್ಯಾಮತಿಯ ಸಂತೆಗೆಂದು ಹೊರಟು, ಬಸ್ಸು ಕಾಯುತ್ತ ಕೂತಿದ್ದವನು ಹಾಗೇ ವಾಲಿದ. ಎದೆನೋವಂತೆ. ಮಣ್ಣಿನ ದಿನ ಬರಲಾಗದವರು ಆಮೇಲೆ ಒಬ್ಬೊಬ್ಬರೇ ಮಾತಾಡಿಸಲು ಬಂದರು. ಆ ಮೇಸ್ತ್ರಿಯೂ ಬಂದ. ಜಗುಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ಅವನಿಗಾದರೂ ಹೇಳಬೇಕೆನಿಸಿತು.

"ಅವತ್ತು ನಿನ್ನ ಬರಬ್ಯಾಡ ಅಂದಿದ್ದು ಅಣ್ಣ ಅಲ್ಲಪ್ಪ. ನಾನು."

"ಗೊತ್ತು ಬಿಡವ್ವ. ಮರುದಿನ ನಿಮ್ಮಣ್ಣ ಬಂದಿದ್ನಲ್ಲ. ನಾನು ಅವಂಗೆ ಎಲ್ಲ ಹೇಳಿದೆ. ನೀವೇ ಬರಬ್ಯಾಡ ಅಂದ್ರಂತಲ್ಲ ಅಂತ ಅವನ್ನೇ ಕೇಳಿದೆ. ನಾನು ಆಡಿದ ಮಾತನ್ನೂ ಹೇಳಿ ತಪ್ಪಾಯ್ತು ಅಂದೆ."

"ಅಣ್ಣ ಏನಂದ?"

"ಚಹ ಕುಡ್ದ. ನಾಳೆಯಿಂದ ಬರ್ತೀನಿ ಅಂದೆ. ಬ್ಯಾಡಪ್ಪ, ಅವ್ಳು ಬ್ಯಾಡ ಅಂದಮ್ಯಾಲೆ ಬ್ಯಾಡ, ಮನೆ ಅವ್ಳದು ಅಂದ. ನಿಮಗೆ ಇದೊಂದೂ ಹೇಳಬ್ಯಾಡ ಅಂತ ಕೈ ಹಿಡಿದು ಹೇಳಿ ಹೋದ."

ಮೇಸ್ತ್ರಿ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ಜಗತ್ತಿನಲ್ಲಿರುವುದನ್ನೆಲ್ಲ ಬಿಚ್ಚಿ ನೋಡುತ್ತಿದ್ದ ಮನುಷ್ಯ ಇದೊಂದನ್ನು ಯಾಕೆ ಬಿಚ್ಚಲಿಲ್ಲ? ಕೈ ಮುರಿದುಕೊಂಡು ಕಲ್ಲಿನ ಮೇಲೆ ಕೂತಿದ್ದಾಗ, ಎಡಗೈಯಲ್ಲಿ ಚಮಚ ಹಿಡಿದಿದ್ದಾಗ, ಒಂದೇ ಒಂದು ಸಲ ಬೈದಿದ್ದರೆ ನನ್ನ ತಪ್ಪು ಅಷ್ಟಕ್ಕೆ ತೀರುತ್ತಿತ್ತು. ಬೈಯಲಿಲ್ಲ. ಮನೆ ನನ್ನದೆಂದು ಯಾರದೋ ಜಗುಲಿಯಲ್ಲಿ ಕೂತು ಹೇಳಿ ಬಂದ. ಈಗ ನಿಜವಾಗಿ ನನ್ನದೇ ಆಗಿದೆ. ಇಷ್ಟು ದೊಡ್ಡ ಮನೆಯಲ್ಲಿ ನನ್ನನ್ನು ಬೈಯುವ ಹಕ್ಕಿದ್ದವರು ಯಾರೂ ಉಳಿದಿಲ್ಲ.