ತಾಯಿ ತೋಳು ಚಾಚುವವರೆಗೆ

ನವಜಾತ ಶಿಶುಗಳಿಗೆ ರಕ್ತ ಕೊಡುವ ವಿದ್ಯೆಯಲ್ಲಿ ನಮ್ಮ ತಲೆಮಾರಿನ ವೈದ್ಯರಿಗೆ ದಾರಿ ತೋರಿದವರು ಹಲವರಿದ್ದಾರೆ; ಆ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಕಲಿಸಿದವರು ಮಾತ್ರ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳೊಬ್ಬರೇ. ಶಿಷ್ಯರಾದ ನಾವು ಬೆನ್ನ ಹಿಂದೆ ಅವರನ್ನು ‘ನಿಧಾನಮ್ಮ’ ಎನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದು, “ಅವಸರಮ್ಮ ಅನ್ನದಿದ್ರೆ ಸಾಕು” ಎಂದು ನಕ್ಕಿದ್ದರಂತೆ.

ಅವರು ಸೇವೆಗೆ ಸೇರಿದಾಗ ಶಿಶು ವಿಭಾಗವೆಂದರೆ ಹೆರಿಗೆ ವಾರ್ಡಿನ ತುದಿಯ ಒಂದು ಉದ್ದನೆಯ ಕೊಠಡಿ. ದೊಡ್ಡವರಿಗೆಂದು ತುಂಬಿದ ಚೀಲದಿಂದ ಮಗುವಿಗಿಷ್ಟು ರಕ್ತ ಕೊಟ್ಟು, ಉಳಿದದ್ದನ್ನು ಚೆಲ್ಲಿ, ಮತ್ತೆ ಬೇಕಾದಾಗ ಇನ್ನೊಬ್ಬ ದಾನಿಯ ಚೀಲ ತೆರೆಯುತ್ತಿದ್ದ ಕಾಲವದು. ಒಬ್ಬ ದಾನಿಯ ರಕ್ತವನ್ನು ಪುಟ್ಟ ಚೀಲಗಳಿಗೆ ಹಂಚಿ ಒಂದೇ ಮಗುವಿಗೆ ಕಾದಿರಿಸುವ ಕ್ರಮವನ್ನು ಅವರು ತಂದರು. ಚೀಲದ ಮೇಲಿನ ಚೀಟಿಯನ್ನು ಇಬ್ಬರು ಮಗುವಿನ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಬೇಕೆಂದರು. ಪರೀಕ್ಷೆಗೆಂದು ನಾವು ಪದೇಪದೇ ಸಿರಿಂಜು ಹಿಡಿದು ಹೊರಟರೆ, “ಹನಿಹನಿ ಕದಿಯೋರೂ ನೀವೇ, ಆಮೇಲೆ ರಕ್ತ ಕಮ್ಮಿ ಆಯ್ತು ಅನ್ನೋರೂ ನೀವೇ!” ಎಂದು ಅಡ್ಡ ನಿಲ್ಲುತ್ತಿದ್ದರು.

ನಾನು ಕಲಿಯಲು ಸೇರಿದ ವರ್ಷದ ಒಂದು ಮಧ್ಯಾಹ್ನ ನನ್ನಲ್ಲಿ ಹಾಗೆಯೇ ಉಳಿದಿದೆ. ಹುಟ್ಟಿದ ಮರುದಿನವೇ ಕಡು ಹಳದಿಯಾಗಿದ್ದ ಹೆಣ್ಣುಮಗು. ಬೆಳಕಿನ ಚಿಕಿತ್ಸೆ ಸಾಲದೆ ರಕ್ತವನ್ನೇ ಬದಲಿಸಬೇಕಾಗಿತ್ತು. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆಯುತ್ತಿದ್ದವು. ಅಂಥ ಮಗುವಿಗೆ ಕೊಡುವ ರಕ್ತವನ್ನು ಮೊದಲು ತಾಯಿಯ ರಕ್ತದೊಡನೆ ಹೊಂದಿಸಿ ನೋಡಬೇಕು. ಅಲ್ಲಿ ಸಿಕ್ಕಿಬೀಳುವ ಪ್ರತಿಕಾಯ ಮಗುವಿನ ರಕ್ತದಲ್ಲಿ ಕಣ್ತಪ್ಪಿಸಬಹುದು. ಆದರೆ ಆ ತಾಯಿ ತೋಳು ಕೊಡಲೇ ಇಲ್ಲ.

“ನನ್ನ ರಕ್ತ ಅದರ ಹತ್ರ ತರಬೇಡಿ. ಹಿಂದಿನ ಮಗೂನ ತಿಂದಿದ್ದು ಸಾಲದಾ?”

“ನೋಡಿ ಡಾಕ್ಟ್ರೇ, ವಿಷ ಅಂತ ನಾನು ಹೇಳ್ತಾನೇ ಇದ್ದೆ,” ಎಂದರು ಕಿಟಕಿಯ ಬಳಿಯಿದ್ದ ಅತ್ತೆ.

“ನಿಮ್ಮ ಮಗನ ರಕ್ತದ ಗುಂಪು ಮಗೂಗೆ ಬಂದಿದ್ದಕ್ಕೇ ಈ ಜಗಳ, ತಾಯಿ. ಅವನನ್ನ ಹೆತ್ತೋರು ಯಾರು ಅಂತಾನೂ ವಿಚಾರಿಸೋಣ್ವಾ?” ಎಂದರು ನಿಧಾನಮ್ಮ.

ಅತ್ತೆ ಕಿಟಕಿಯತ್ತ ಮುಖ ತಿರುಗಿಸಿದರು. ನಿಧಾನಮ್ಮ ಸೊಸೆಯ ಮಂಚದ ಅಂಚಿನಲ್ಲಿ ಕುಳಿತರು.

“ನಿನ್ನ ರಕ್ತ ವಿಷ ಅಲ್ಲ ಕಣಮ್ಮ. ಅದು ಕಾವಲುಗಾರ. ಮಗಳ ಮೈಯಲ್ಲಿ ಅಪ್ಪನ ಗುರುತು ಕಂಡು, ಹೊರಗಿನವರು ಅಂದ್ಕೊಂಡುಬಿಟ್ಟಿದೆ. ಅದನ್ನ ಮಗೂಗೆ ಕೊಡಲ್ಲ. ಯಾವ ರಕ್ತ ಬಂದ್ರೆ ಸುಮ್ನಿರ್ತೀಯ ಅಂತ ಅದನ್ನ ಕೇಳ್ಬೇಕು, ಅಷ್ಟೆ.”

ಆಮೇಲೆ ಅವರು ಮಾತಾಡಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಅಳುವುದನ್ನೂ ಬಿಟ್ಟು ಮಂಕಾಗುತ್ತಿತ್ತು. ನಾನು ಬಾಗಿಲಲ್ಲಿ ಚಡಪಡಿಸುತ್ತಿದ್ದೆ. ಆ ಮೌನವನ್ನು ಅನಂತರ ಎಷ್ಟೋ ಸಲ ನೆನೆದಿದ್ದೇನೆ. ಪಕ್ಕಕ್ಕೆ ಸರಿದು ದಣಿದವರಿಗೆ ಕೂರಲು ಜಾಗ ಮಾಡಿಕೊಟ್ಟಂತಿತ್ತು ಅದು.

“ನಾನು ಕೊಟ್ರೆ ಉಳಿಯುತ್ತಾ?”

“ಉಳಿಸೋಕೆ ದಾರಿ ಆಗುತ್ತೆ.”

ತಾಯಿ ತೋಳು ಚಾಚಿದಳು.

ಗುಂಪು ಸರಿಯಿದೆಯೆಂದು ನಾವು ತೆಗೆದಿಟ್ಟಿದ್ದ ಚೀಲದ ರಕ್ತ ಅವಳ ರಕ್ತದೊಡನೆ ಸೇರಿದೊಡನೆ ಗಂಟುಗಟ್ಟಿತು. ಹಾಗೆಯೇ ಏರಿಸಿದ್ದರೆ ಮಗುವಿನ ಮೈಯಲ್ಲಿ ಆ ಕಣಗಳೂ ಒಡೆಯುತ್ತಿದ್ದವು. ಇನ್ನೊಂದು ಚೀಲ ಒಗ್ಗಿತು. ಅದನ್ನು ಮೈಯ ಬಿಸಿಗೆ ತಂದು, ಮಗುವಿನ ರಕ್ತವನ್ನು ಚಮಚೆಯಷ್ಟು ತೆಗೆದು, ಇದನ್ನು ಅಷ್ಟೇ ತುಂಬುತ್ತಾ ಗುರುಗಳು ಸಂಜೆಯವರೆಗೆ ನಿಂತರು. ನರ್ಸ್ “ಹೊರಗೆ, ಒಳಗೆ” ಎಂದು ಕೂಗುತ್ತಿದ್ದರು. ಗುರುಗಳು ನಡುನಡುವೆ ಕೈ ತಡೆದು ಮಗುವಿನ ಉಸಿರನ್ನೇ ನೋಡುತ್ತಿದ್ದರು.

ಮರುದಿನ ಹಳದಿ ಇಳಿದಿತ್ತು. ತಾಯಿ ತಲೆ ತಗ್ಗಿಸಿಯೇ ಕೇಳಿದಳು: “ಹಾಲು ಕೊಡ್ಬಹುದಾ... ನನ್ನದೇ?”

“ಮತ್ತೆ ಯಾರದ್ದು, ನನ್ನದಾ?” ಎಂದರು ನಿಧಾನಮ್ಮ.

ವಾರ್ಡಿಗೆ ವಾರ್ಡೇ ನಕ್ಕಿತು. ಅತ್ತೆ ನಗಲಿಲ್ಲ. ಸುಮ್ಮನೆ ಎದ್ದುಬಂದು ಸೊಸೆಯ ಬೆನ್ನಿಗೆ ದಿಂಬು ಒತ್ತುಕೊಟ್ಟರು.

ಈಗ ಗರ್ಭಿಣಿಯರಿಗೆ ಸಕಾಲದಲ್ಲಿ ಕೊಡುವ, ಅಂಥ ಪ್ರತಿಕಾಯ ಹುಟ್ಟದಂತೆ ತಡೆಯುವ ಚುಚ್ಚುಮದ್ದಿನಿಂದ ಇಂಥ ಮಕ್ಕಳು ಅಪರೂಪವಾಗುತ್ತಿದ್ದಾರೆ. ನಿವೃತ್ತಿಯ ನಂತರ ಗುರುಗಳು ಆ ಗರ್ಭಿಣಿಯರ ಚಿಕಿತ್ಸಾಲಯದಲ್ಲೇ ಕೂರಲು ಒಪ್ಪಿದ್ದಾರೆ. ತಮ್ಮ ಕೈಚಳಕ ಯಾರಿಗೂ ಬೇಕಾಗದ ದಿನವನ್ನು ತಾವೇ ಹತ್ತಿರ ತರಲು ಹೊರಟಿದ್ದಾರೆ. ಅವರಿಗೆ ಆಯುಸ್ಸು, ಆರೋಗ್ಯ ಅವರದೇ ನಿಧಾನದಲ್ಲಿ, ಬಹುಕಾಲ ಒದಗಿಬರಲಿ. ತೋಳು ಚಾಚಲು ಹಿಂಜರಿಯುವ ತಾಯಂದಿರ ಮಂಚದ ಅಂಚಿನಲ್ಲಿ ಅವರಿಗೆ ಎಂದೂ ಜಾಗವಿರಲಿ.